ನಲವತ್ತು ಶಬ್ದ

ಅರವತ್ತೊಂದನೇ ಇಸವಿಯ ಸಂಕ್ರಾಂತಿ ಮುಗಿದು ನಾಲ್ಕು ದಿನವಾಗಿತ್ತು. ಮಹಾದೇವಪ್ಪ ಮಾಸ್ತರ ಧಾರವಾಡದಿಂದ ಸಂಜೆಯ ಬಸ್ಸಿಗೆ ಬಂದವನು, ಕೈಯಲ್ಲಿದ್ದ ಕಾಗದದ ಕಟ್ಟನ್ನು ನೆಲಕ್ಕಿಡಲು ಮನಸ್ಸಾಗದೆ ಬಗಲಲ್ಲಿ ಅವುಚಿಕೊಂಡೇ ಕಾಲು ತೊಳೆದುಕೊಂಡ. ಬೆಂಗೇರಿಯ ಆ ಎರಡು ಖೋಲಿಯ ಮನೆಯಲ್ಲಿ ಅವನ ಹೆಂಡತಿ ಯಂಕವ್ವ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಅವನ ತಾಯಿ ಮುದಕವ್ವ ಹೊಸ್ತಿಲ ಹತ್ತಿರ ಪುಂಡಿಪಲ್ಯ ಸೋಸುತ್ತ ಕುಳಿತಿದ್ದಳು. ಏಳು ವರ್ಷದ ಮಗಳು ಗುಡ್ಡವ್ವ ಅಜ್ಜಿ ಬಿಸಾಕಿದ ದಂಟುಗಳನ್ನು ಸಾಲಾಗಿ ಜೋಡಿಸುತ್ತ ತನ್ನಷ್ಟಕ್ಕೆ ಮಾತಾಡಿಕೊಳ್ಳುತ್ತಿದ್ದಳು.

"ಏನೋ ಅದು ಮಾದೇವಾ? ಯಾರದರ ಲಗ್ನದ ಕಾಗದೇನು?" ಎಂದಳು ಮುದಕವ್ವ.

"ಲಗ್ನದ್ದಲ್ಲ ಬೇ, ಪರೀಕ್ಷಾದ್ದು. ಹುಬ್ಬಳ್ಳಿ ಸುತ್ತಮುತ್ತ ಹನ್ನೆರಡ ಮಂದಿ ಮಾಸ್ತರನ್ನ ಆರಿಸ್ಯಾರ. ಅದರಾಗ ನಾನೂ ಒಬ್ಬ."

ವಿಷಯ ಇಷ್ಟು. ಎರಡನೇ ಇಯತ್ತೆ, ಅಂದರೆ ಎರಡನೇ ತರಗತಿಯ ಮಕ್ಕಳಿಗೆ ಖರೇ ಓದಲು ಬರುತ್ತದೆಯೋ ಅಥವಾ ಪುಸ್ತಕವನ್ನು ಬಾಯಿಪಾಠ ಮಾಡಿ ಒಪ್ಪಿಸುತ್ತಾರೋ ಎಂದು ನೋಡಲು ಧಾರವಾಡದ ಒಂದು ಶಿಕ್ಷಕರ ಕಾಲೇಜು ಹೊರಟಿತ್ತು. ಒಂದು ದಪ್ಪ ಕಾರ್ಡಿನ ಮೇಲೆ ನಲವತ್ತು ಬಿಡಿ ಶಬ್ದಗಳನ್ನು ಅಚ್ಚು ಹಾಕಿಸಿದ್ದರು. ಮಕ್ಕಳನ್ನು ಒಬ್ಬೊಬ್ಬರನ್ನಾಗಿ ಕರೆದು ಕಾರ್ಡು ತೋರಿಸಬೇಕು. ಅಚ್ಚಿನಲ್ಲಿದ್ದಂತೆ ಓದಿದರೆ ಸರಿಯ ಗುರುತು, ಇಲ್ಲದಿದ್ದರೆ ತಪ್ಪಿನ ಗುರುತು. ಇಪ್ಪತ್ತಕ್ಕಿಂತ ಕಡಿಮೆ ಬಂದ ಮಗುವನ್ನು ಒಂದನೇ ಇಯತ್ತೆಯವರ ಜೊತೆ ಕೂಡ್ರಿಸಿ ಮೊದಲಿನಿಂದ ಕಲಿಸಬೇಕು.

ಊಟಕ್ಕೆ ಕುಳಿತಾಗಲೂ ಮಹಾದೇವಪ್ಪನ ಬಾಯಲ್ಲಿ ಅದೇ ಮಾತು. ಅವರ ಕೇರಿಯಲ್ಲಿ ಮಾಸ್ತರಿಕೆಗೆ ಹೋದವನು ಅವನೊಬ್ಬನೇ. ಯಂಕವ್ವನಿಗಾಗಲಿ ಮುದಕವ್ವನಿಗಾಗಲಿ ಅಕ್ಷರ ಗೊತ್ತಿರಲಿಲ್ಲ. ಯಂಕವ್ವ ಮನೆಗೆಲಸ ಮುಗಿಸಿ ಮಂದಿಯ ಕೌದಿ ಹೊಲಿದುಕೊಡುತ್ತಿದ್ದಳು. ಆದರೂ ಇಬ್ಬರೂ ರೊಟ್ಟಿ ಮುರಿಯುವುದನ್ನು ಬಿಟ್ಟು ಅವನ ಮಾತು ಕೇಳಿದರು.

"ನಮ್ಮ ಗುಡ್ಡಿಗೆ ನೀನ ಪರೀಕ್ಷಾ ಮಾಡತೀಯೇನು?" ಎಂದಳು ಮುದಕವ್ವ.

"ತಮ್ಮ ಹುಡುಗರಿಗೆ ತಾವು ಮಾಡೂಹಂಗಿಲ್ಲ. ಬೆಂಗೇರಿ ಸಾಲಿಗೆ ತ್ರ್ಯಂಬಕ ಮಾಸ್ತರ ಬರತಾರ. ನನಗ ಗಬ್ಬೂರ ಕೂಡಿ ಐದ ಸಾಲಿ ಕೊಟ್ಟಾರ."

ಗಬ್ಬೂರ ಯಂಕವ್ವನ ತವರು. ಅವಳು ಇನ್ನೊಂದು ಚಮಚ ಝುಣಕ ಬಡಿಸಿ, "ನಮ್ಮೂರ ಹುಡುಗರ ಮ್ಯಾಲ ಭಾಳ ಸಿಟ್ಟ ಮಾಡಬ್ಯಾಡ್ರಿ" ಎಂದಳು. ಅವನು ನಕ್ಕ.

ಎರಡು ವಾರ ಮಹಾದೇವಪ್ಪ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಹೋಗಿಬಂದ. ಮೂರನೆಯ ವಾರ ತ್ರ್ಯಂಬಕ ಮಾಸ್ತರ ಬೆಂಗೇರಿಯ ಶಾಲೆಗೆ ಬಂದು ಹೋದರು. ಮರುದಿನ ಗುಡ್ಡವ್ವ ಮನೆಗೆ ಬಂದವಳು ಚೀಲವನ್ನು ಮೂಲೆಗಿಟ್ಟು ಅಜ್ಜಿಯ ಕೌದಿಯೊಳಗೆ ಹೊಕ್ಕಳು. ಯಂಕವ್ವ ಎಬ್ಬಿಸಲು ಹೋದರೆ ಏಳಲಿಲ್ಲ. ಸಂಜೆ ಮಹಾದೇವಪ್ಪನೇ ಸುದ್ದಿ ತಂದ.

"ಹತ್ತೊಂಬತ್ತು. ನಲವತ್ತರಾಗ ಹತ್ತೊಂಬತ್ತು! ಮಾಸ್ತರನ ಮಗಳು ಒಂದನೇತ್ಯಾಗ ಕುಂತಾಳ."

"ಒಂದ ಕಡಿಮಿ ಆತು ಅಷ್ಟ ಅಲ್ಲೇನು?" ಎಂದಳು ಯಂಕವ್ವ.

"ಒಂದಲ್ಲ, ಇಪ್ಪತ್ತೊಂದು ತಪ್ಪಾಗ್ಯಾವ. ಮನೆ ಅನ್ನೂದಕ್ಕ ಮನಿ ಅಂದಾಳ. ಶಾಲೆ ಅನ್ನೂದಕ್ಕ ಸಾಲಿ ಅಂದಾಳ. ತ್ರ್ಯಂಬಕ ಮಾಸ್ತರ ನನ್ನ ಮುಂದ ಹೇಳಿ ನಕ್ಕರು. 'ಮಹಾದೇವಪ್ಪ, ಮನ್ಯಾಗ ಸ್ವಲ್ಪ ಶುದ್ಧ ಮಾತಾಡ್ರಿ' ಅಂದ್ರು."

"ಮನೀಗೆ ಮನಿ ಅನ್ನದ ಮತ್ತೇನು ಅಂತಾರ?" ಮುದಕವ್ವ ಕೇಳಿದಳು.

"ನೀವೆಲ್ಲಾ ಹಿಂಗ ಮಾತಾಡಿ ಮಾತಾಡಿ ಅದರ ನಾಲಿಗಿ ಕೆಡಿಸೀರಿ" ಎಂದ ಅವನು. ತಾಯಿಗೆ ಅವನು ಹಿಂದೆ ಎಂದೂ ಹಾಗೆ ಅಂದವನಲ್ಲ.

ಅಂದಿನಿಂದ ಮನೆಯಲ್ಲಿ ಹೊಸ ಕಾಯಿದೆ ಬಂತು. ಗುಡ್ಡವ್ವನ ಎದುರಿಗೆ ಎಲ್ಲರೂ ಪುಸ್ತಕದಲ್ಲಿದ್ದಂತೆ ಮಾತಾಡಬೇಕು. ಮುಂಜಾನೆ ಹಲ್ಲು ತಿಕ್ಕಿದ ಕೂಡಲೇ ಮಹಾದೇವಪ್ಪ ಮಗಳನ್ನು ಮುಂದೆ ಕೂಡ್ರಿಸಿಕೊಂಡು, "ಅನ್ನು, ಮನೆ. ಎಲೆ. ತಲೆ" ಎನ್ನುವನು. ಅವಳು ಹತ್ತು ಸಲ ಸರಿಯಾಗಿ ಅಂದು ಹನ್ನೊಂದನೆಯ ಸಲ "ಎಲಿ" ಎನ್ನುವಳು. ಅಂಗೈಗೆ ಒಂದು ಬೆತ್ತದ ಏಟು ಬೀಳುವುದು. ಊಟಕ್ಕೆ ಕುಳಿತು "ಅವ್ವಾ, ಪಲ್ಯಾ ಹಾಕ" ಎಂದರೆ, "ಪಲ್ಯ ಹಾಕು ಅನ್ನು" ಎಂದು ಅವನು ಅವಳ ತಾಟು ಹಿಡಿದುಬಿಡುವನು. ಕೆಲವು ದಿನಗಳ ನಂತರ ಗುಡ್ಡವ್ವ ಪಲ್ಯ ಕೇಳುವುದನ್ನೇ ಬಿಟ್ಟಳು. ಹಾಕಿದ್ದನ್ನು ಉಂಡು ಏಳತೊಡಗಿದಳು.

ಮುದಕವ್ವನೂ ಮಗನ ಜೊತೆ, ಮೊಮ್ಮಗಳ ಜೊತೆ ಮಾತು ನಿಲ್ಲಿಸಿದಳು.

"ಅತ್ತಿ, ಅದರ ತಲಿ ಬಾಚಿ ಕೊಡ್ರಲ್ಲ" ಎಂದು ಯಂಕವ್ವ ಒಂದು ದಿನ ಕೇಳಿಕೊಂಡಳು.

"ಬಾಚತೇನಿ. ಆದ್ರ ಬಾಯಿ ತೆರಿಯೂದಿಲ್ಲ. ನನ್ನ ನಾಲಿಗ್ಯಾಗ ಹೊಲಸು ಐತಂತ. ಕೂಸಿಗೆ ಹತ್ತೀತು."

"ಅವರು ಸಿಟ್ಟಿನ್ಯಾಗ ಅಂದಾರ."

"ಸಿಟ್ಟಿನ್ಯಾಗ ಅಂದಿದ್ದ ಖರೇ ಇರತೈತಿ ಯಂಕಿ."

ಹಾಗೆ ಫೆಬ್ರುವರಿ ಅರ್ಧವಾಯಿತು. ಅಜ್ಜಿ ಮೊಮ್ಮಗಳ ಗದ್ದಲದಿಂದ ತುಂಬಿರುತ್ತಿದ್ದ ಮನೆಯಲ್ಲಿ ಬೀಸುವ ಕಲ್ಲಿನ ಸಪ್ಪಳ ಮಾತ್ರ ಕೇಳುತ್ತಿತ್ತು. ಯಂಕವ್ವ ಹಿಟ್ಟು ಬೀಸುವಾಗ ಹಾಡುತ್ತಿದ್ದವಳು ಹಾಡಲೂ ಅಂಜಿದಳು. ಹಾಡಿನಲ್ಲಿ ಎಷ್ಟು ತಪ್ಪು ಇವೆಯೋ ಅವಳಿಗೇನು ಗೊತ್ತು.

ಒಂದು ಶನಿವಾರ ಮಧ್ಯಾಹ್ನ ಟಪಾಲಿನವನು ಒಂದು ಕಾರ್ಡನ್ನು ಬಾಗಿಲೊಳಗೆ ಒಗೆದು ಹೋದ. ಮಹಾದೇವಪ್ಪ ಲೆಕ್ಕದ ಹಾಳೆಗಳನ್ನು ಒಪ್ಪಿಸಲು ಧಾರವಾಡಕ್ಕೆ ಹೋಗಿದ್ದ. ಯಂಕವ್ವ ಕಾರ್ಡನ್ನು ಹಿಂದೆ ಮುಂದೆ ಹೊರಳಿಸಿ ನೋಡಿದಳು.

"ಅಹಮದಸಾಬನ ಅಂಗಡಿಗೆ ಒಯ್ದು ಓದಿಸಿಕೊಂಡ ಬಾ" ಎಂದಳು ಮುದಕವ್ವ. "ಮಾದೇವ ಬರೂದು ಸಂಜಿಕ."

ಅರ್ಧ ದಿನದ ಶಾಲೆ ಮುಗಿಸಿ ಬಂದಿದ್ದ ಗುಡ್ಡವ್ವ ಗೋಡೆಗೆ ಆತು ಕುಳಿತಿದ್ದಳು. ಎದ್ದು ಬಂದು ತಾಯಿಯ ಕೈಯಿಂದ ಕಾರ್ಡು ತೆಗೆದುಕೊಂಡಳು. ಅದರ ಮೇಲೆ ಬೆರಳಿಟ್ಟು ಬಾಯೊಳಗೇ ಏನೋ ಅಂದುಕೊಂಡಳು. ಹೊರಗೆ ಯಾರಾದರೂ ಇದ್ದಾರೆಯೇ ಎಂದು ಒಮ್ಮೆ ನೋಡಿ, ಸಣ್ಣ ದನಿಯಲ್ಲಿ ಹೇಳಿದಳು.

"ಅವ್ವಾ, ಗಬ್ಬೂರ ಆಯಿ ಬಾಂವಿ ಕಟ್ಟಿ ಮ್ಯಾಲ ಜಾರಿ ಬಿದ್ದಾಳಂತ. ಬಲಗೈ ಮುರದೈತಂತ. ಅಡಗಿ ಮಾಡವ್ರ ಯಾರೂ ಇಲ್ಲಂತ. ನೀ ಲಗೂ ಬಾ ಅಂತ ಶಿದ್ದಪ್ಪ ಮಾಮಾ ಬರಿಸ್ಯಾನ."

ಯಂಕವ್ವ ಎದೆಯ ಮೇಲೆ ಕೈಯಿಟ್ಟುಕೊಂಡಳು. ತಾಯಿಯ ಚಿಂತೆ ಒಂದು ಕಡೆ, ಮಗಳ ಬಾಯಿಂದ ಬಂದ ಮಾತು ಇನ್ನೊಂದು ಕಡೆ.

"ಇದನ್ನ ನಿನಗ ಯಾರ ಹೇಳಿಕೊಟ್ರ?"

"ಯಾರೂ ಇಲ್ಲ. ಇಲ್ಲೇ ಬರದಾರಲ್ಲ."

ಆದರೂ ನಂಬಿಕೆ ಸಾಲದೆ ಅವಳು ಅಂಗಡಿಗೆ ಹೋದಳು. ಅಹಮದಸಾಬ ಕನ್ನಡಕ ಏರಿಸಿ ಗಟ್ಟಿಯಾಗಿ ಓದಿದ. "ನಮ್ಮ ತಾಯಿಯವರು ಬಾವಿಯ ಕಟ್ಟೆಯ ಮೇಲೆ ಕಾಲು ಜಾರಿ ಬಿದ್ದು ಬಲಗೈ ಮುರಿದಿದೆ. ಅಡಿಗೆ ಮಾಡುವವರಿಲ್ಲ. ಕೂಡಲೇ ಹೊರಟು ಬರುವುದು. ಇಂತಿ, ಶಿದ್ದಪ್ಪ." ಮಗಳು ಹೇಳಿದ್ದರಲ್ಲಿ ಒಂದು ಸಂಗತಿಯೂ ಬಿಟ್ಟುಹೋಗಿರಲಿಲ್ಲ.

ಅಂದೇ ಯಂಕವ್ವ ಗುಡ್ಡವ್ವನನ್ನು ಅತ್ತೆಗೆ ಒಪ್ಪಿಸಿ ಗಬ್ಬೂರಿಗೆ ಹೋದಳು. ಹತ್ತಿಯ ಸುಗ್ಗಿ ನಡೆದಿತ್ತು. ತಮ್ಮ ಶಿದ್ದಪ್ಪ ಹೊತ್ತು ಹುಟ್ಟುವ ಮೊದಲೇ ಹೊಲಕ್ಕೆ ಹೋಗುವನು. ತಾಯಿಯ ಕೈಗೆ ಬಿದಿರಿನ ಕಟ್ಟು ಕಟ್ಟಿದ್ದರು. ಯಂಕವ್ವ ಅಡಿಗೆ ಮಾಡಿ, ತಾಯಿಗೆ ಉಣಿಸಿ, ನೀರು ತಂದು, ತಮ್ಮನ ಬುತ್ತಿ ಒಯ್ದು ಕೊಡುತ್ತಿದ್ದಳು.

ಮೂರನೆಯ ದಿನ ಹೊಲದ ಬದುವಿನ ಮೇಲೆ ಪಕ್ಕದ ಮನೆಯ ಹುಲಗಪ್ಪನ ಮಗಳು ಉಡಚವ್ವ ಕಂಡಳು. ಎಂಟು ವರ್ಷದ ಹುಡುಗಿ, ದೊಡ್ಡವರ ಸೀರೆಯ ತುಂಡನ್ನು ಸೊಂಟಕ್ಕೆ ಕಟ್ಟಿಕೊಂಡು ಅದರ ಉಡಿಯ ತುಂಬ ಹತ್ತಿ ತುಂಬಿದ್ದಳು.

"ಸಾಲಿಗೆ ಹೋಗಿಲ್ಲೇನ ಉಡಚಿ?"

"ಬಿಡಿಸ್ಯಾರ್ರಿ ಅತ್ತಿ."

ಹತ್ತಿ ಗಿಡಗಳ ಸಾಲಿನ ಆಚೆಯಿಂದ ಹುಲಗಪ್ಪ ಬೆನ್ನು ನೆಟ್ಟಗೆ ಮಾಡಿದ. "ನಿಮ್ಮ ಮನಿಯವ್ರ ಬಂದು ಪರೀಕ್ಷಾ ಮಾಡಿ ಹೋದ್ರಲ್ಲ ತಂಗಿ. ಈಕಿಗೆ ಓದಾಕ ಬರೂದಿಲ್ಲ ಅಂತ ಬರದ್ರಂತ. ಸಾಲ್ಯಾಗ ಒಂದನೇತ್ತಕ್ಕ ಕುಂದ್ರಿಸಿದ್ರು. ಎರಡ ವರ್ಷ ಹೋಗಿ ಒಂದನೇತ್ಯಾಗ ಕುಂದ್ರೂದಾದ್ರ ಹೊಲದಾಗರ ಇರಲಿ ಅಂದ್ನಿ. ಮಾಸ್ತರ ಅಂದಮ್ಯಾಲ ಸುಳ್ಳ ಇರೂದಿಲ್ಲಲ್ಲ."

ಯಂಕವ್ವ ಬುತ್ತಿ ಕೊಟ್ಟು ಹಿಂತಿರುಗುವಾಗ ಉಡಚವ್ವ ಬದುವಿನ ತನಕ ಅವಳ ಹಿಂದೆ ಬಂದಳು.

"ಅತ್ತಿ, ಮನಿ, ಸಾಲಿ, ಎಲಿ, ಇಲಿ, ತಲಿ, ಕುದರಿ, ಮಳಿ, ಹೊಳಿ..." ಹುಡುಗಿ ಬೆರಳು ಮಡಿಚುತ್ತ ಕಾರ್ಡಿನ ಶಬ್ದಗಳನ್ನು ಹೇಳುತ್ತ ಹೋದಳು. ಉಸಿರು ತೆಗೆದುಕೊಂಡು ಕೇಳಿದಳು. "ಇದರಾಗ ಯಾವ್ದ ತಪ್ಪಿತ್ರಿ?"

"ನನಗ ಓದಾಕ ಬರೂದಿಲ್ಲ ಕೂಸ" ಎಂದಳು ಯಂಕವ್ವ.

ಏಳು ದಿನದ ಮೇಲೆ, ತಾಯಿ ಎಡಗೈಯಿಂದ ಒಲೆ ಉರಿಸುವಂತಾದಾಗ, ಅವಳು ಬೆಂಗೇರಿಗೆ ಬಂದಳು. ಗಂಡ ಊಟ ಮುಗಿಸಿ ಕೈ ತೊಳೆಯುವ ತನಕ ತಡೆದಳು. ಆಮೇಲೆ ಕೇಳಿದಳು.

"ಗಬ್ಬೂರಾಗ ಉಡಚವ್ವ ಅನ್ನೂ ಹುಡಿಗಿ ನೆನಪೈತೇನ್ರಿ ನಿಮಗ?"

"ಅಲ್ಲೆ ಇಪ್ಪತ್ತಮೂರು ಹುಡುಗುರು ಇದ್ರು. ಯಾರ ಯಾರ ಅಂತ ನೆನಪಿಡಲಿ?"

"ನಿಮ್ಮ ವಹಿ ತಗದ ನೋಡ್ರಿ."

ಅವನು ನೋಡಿದ. "ಉಡಚವ್ವ ಹುಲಗಪ್ಪ. ಹದಿನಾರು."

"ಉಳದ ಇಪ್ಪತ್ನಾಕ ಶಬ್ದಕ್ಕ ಏನಂದ್ಳು?"

"ಏನಂದ್ಳು ಅಂತ ಬರಕೊಂಡಿಲ್ಲ. ತಪ್ಪಿನ ಗುರುತ ಹಾಕೇನಿ ಅಷ್ಟ. ಬರಕೋರಿ ಅಂತ ಅವರು ಹೇಳಿರಲಿಲ್ಲ."

"ಹಂಗಾದ್ರ ಮನಿ ಅಂದಾಕಿಗೂ ತಪ್ಪ, ಏನೂ ತಿಳೀದ ಬಾಯಿ ಮುಚ್ಚಿಕೊಂಡ ನಿಂತಾಕಿಗೂ ತಪ್ಪ. ಎರಡೂ ಒಂದ ಗುರುತ."

"ನಿನಗ ಇದೆಲ್ಲಾ ತಿಳಿಯೂದಿಲ್ಲ."

"ತಿಳಿಯೂದಿಲ್ಲ ಖರೇ. ಆದ್ರ ನನ್ನವ್ವನ ಕೈ ಮುರದೈತಿ ಅಂತ ನನಗ ಹೇಳಿದಾಕಿ ನಿಮ್ಮ ಮಗಳು. ಓದಾಕ ಬರಲಾರದಾಕಿ ಅದನ್ನ ಹೆಂಗ ಹೇಳಿದ್ಳು ಅಂತ ನನಗ ತಿಳಿಸಿ ಹೇಳ್ರಿ. ಉಡಚಿ ಈಗ ಹೊಲದಾಗ ಹತ್ತಿ ಬಿಡಸಾಕತ್ತಾಳ. ಮಾಸ್ತರ ಅಂದಾರಂತ ಅವರಪ್ಪ ಸಾಲಿ ಬಿಡಿಸ್ಯಾನ. ಆಕಿ ಕೇಳಿದ್ಳು, ಯಾವ್ದ ತಪ್ಪಿತ್ತು ಅಂತ. ನಾ ಏನ ಹೇಳಲಿ?"

ಮಹಾದೇವಪ್ಪ ವಹಿಯನ್ನು ಮುಚ್ಚಲೂ ಇಲ್ಲ, ಮುಂದೆ ತಿರುವಲೂ ಇಲ್ಲ. ಮೂಲೆಯಲ್ಲಿದ್ದ ಮುದಕವ್ವ ಹತ್ತಿಯ ಬತ್ತಿ ಹೊಸೆಯುವುದನ್ನು ನಿಲ್ಲಿಸಿದಳು.

ಮರುದಿನ ಐತವಾರ. ಮುಂಜಾನೆಯ ಚಹಾ ಆದ ಮೇಲೆ ಅವನು ಕಾರ್ಡು ತೆಗೆದ. ಗುಡ್ಡವ್ವ ಅದನ್ನು ನೋಡಿದ ಕೂಡಲೇ ತಾಯಿಯ ಸೆರಗಿನ ಹಿಂದೆ ಸರಿದಳು.

"ಹೊಡಿಯೂದಿಲ್ಲ. ನಿನಗ ಬಂದಂಗ ಹೇಳು" ಎಂದ ಅವನು.

ಅವಳು ತಾಯಿಯ ತೊಡೆಗೆ ಒರಗಿ ಓದಿದಳು. ಈ ಸಲ ಅವನು ಗುರುತು ಹಾಕಲಿಲ್ಲ. ಅವಳು ಅಂದದ್ದನ್ನು ಅಂದಂತೆಯೇ ಬರೆದುಕೊಂಡ. ಇಪ್ಪತ್ತೊಂದು ತಪ್ಪಿನಲ್ಲಿ ಹದಿನೈದು ಮನೆಯ ಮಾತು. ಎಲೆ ಇದ್ದಲ್ಲಿ ಎಲಿ ಅಂದಿದ್ದಳು, ಇಲಿ ಇದ್ದಲ್ಲಿ ಇಲಿಯೇ ಅಂದಿದ್ದಳು. ಒಂದಕ್ಕೊಂದು ಕಲಸಿರಲಿಲ್ಲ. ಉಳಿದ ಆರು ಮಾತ್ರ ನಿಜಕ್ಕೂ ಬರದವು. ಸೂರ್ಯ, ವರ್ಷ, ಮೂರ್ತಿ, ಇಂಥ ಅರ್ಕಾವೊತ್ತಿನ ಶಬ್ದ ಬಂದಲ್ಲಿ ಅವಳು ನಿಂತುಬಿಡುತ್ತಿದ್ದಳು.

"ಮೂವತ್ತನಾಕು" ಎಂದು ಅವನು ತನ್ನಷ್ಟಕ್ಕೆ ಅಂದುಕೊಂಡ. ಮತ್ತೆ ಎಣಿಸಿದ.

ಸೋಮವಾರ ಗಂಡ ಹೆಂಡತಿ ಇಬ್ಬರೂ ತ್ರ್ಯಂಬಕ ಮಾಸ್ತರರು ಕಲಿಸುವ ಶಾಲೆಗೆ ಹೋದರು. ಮಾಸ್ತರರು ಆಗಷ್ಟೇ ಛತ್ರಿ ಹಿಡಿದು ಹೊರಟಿದ್ದರು. "ಏನ ಮಹಾದೇವಪ್ಪ, ಇಷ್ಟೊತ್ತಿನ್ಯಾಗ? ನಾ ಇವತ್ತ ಲಗೂ ಮನಿಗೆ ಹೊಂಟಿದ್ದೆ."

ಮಹಾದೇವಪ್ಪ ಬಾಯಿ ತೆರೆಯುವ ಮೊದಲೇ ಯಂಕವ್ವ ಅಂದಳು. "ನೀವೂ ಮನಿ ಅಂತೀರಲ್ರೀ ಮಾಸ್ತರ."

ತ್ರ್ಯಂಬಕ ಮಾಸ್ತರರಿಗೆ ಮೊದಲು ತಿಳಿಯಲಿಲ್ಲ. ತಿಳಿದ ಮೇಲೆ ನಕ್ಕರು. "ನಾ ಮಾತಾಡಾಕತ್ತೇನಿ ತಂಗಿ, ಓದಾಕತ್ತಿಲ್ಲ."

"ಅವೆರಡೂ ಬ್ಯಾರೆ ಅಂತ ಏಳ ವರ್ಷದ ಕೂಸಿಗೆ ಯಾರ ಹೇಳ್ಯಾರ್ರಿ?"

ಅವರು ಛತ್ರಿಯ ತುದಿಯಿಂದ ಮಣ್ಣು ಕೆದರಿದರು. ಕೆಟ್ಟ ಮನುಷ್ಯರೇನಲ್ಲ. ಮಹಾದೇವಪ್ಪನ ಹಾಳೆಯನ್ನು ಎರಡು ಸಲ ನೋಡಿದರು. "ನೀವು ಹೇಳೂದು ಖರೇ ಇರಬಹುದು. ಆದ್ರ ಧಾರವಾಡದಿಂದ ಹುಕುಂ ಬರೂತನಕ ನಾ ಒಂದ ಗುರುತೂ ತಿದ್ದಾಕ ಬರೂದಿಲ್ಲ. ಮತ್ತ ಒಂದ ಮಾತು, ಮಹಾದೇವಪ್ಪ. ಇದನ್ನ ಹೇಳಾಕ ಹೋದ್ರ ಮೊದಲ ನಿಮ್ಮ ಐದು ಸಾಲಿ ಲೆಕ್ಕಾನ ತಪ್ಪು ಅಂತ ಒಪ್ಪಿಕೊಂಡಂಗ ಆಗತೈತಿ. ವಿಚಾರ ಮಾಡ್ರಿ."

ಎರಡು ದಿನ ಮಹಾದೇವಪ್ಪ ವಿಚಾರ ಮಾಡಿದ. ಮೂರನೆಯ ದಿನ ರಜೆ ಹಾಕಿ ಧಾರವಾಡಕ್ಕೆ ಹೋದ. ಪರೀಕ್ಷೆಯ ಉಸ್ತುವಾರಿ ನೋಡುವ ಕಾಲೇಜಿನ ಶಿಕ್ಷಕಿ ಸಪ್ತಾಪುರದಲ್ಲಿ ಬಾಡಿಗೆ ಮನೆಯಲ್ಲಿದ್ದರು. ಅವನು ಸಂಜೆ ತಿರುಗಿ ಬಂದಾಗ ಯಂಕವ್ವ ನೀರು ಕೊಟ್ಟು ಎದುರಿಗೆ ನಿಂತಳು. ಮುದಕವ್ವನೂ ಬಂದು ನಿಂತಳು.

"ಒಂದ ತಾಸ ಕೂಡ್ರಿಸಿಕೊಂಡ ಕೇಳಿದ್ರು. 'ಅಚ್ಚ ಹಾಕಸೂ ಮುಂದ ನಮಗ ಇದು ಹೊಳೀಲಿಲ್ಲ' ಅಂದ್ರು. ಮನಿ ಮಾತು ಅಂದ್ರ ಸರಿ ಅಂತ ಹಿಡೀಬೇಕು ಅಂತ ಹುಕುಂ ಕೊಡತಾರ. ಬೇಕಾದವ್ರು ಮತ್ತ ಪರೀಕ್ಷಾ ಮಾಡಬಹುದು."

"ಮತ್ತ ಛಲೋ ಆತಲ್ಲ!"

"ನನ್ನ ಐದೂ ಸಾಲಿ ನಾನ ತಿರುಗಿ ಮಾಡಬೇಕು. ಸಾಲಿ ವ್ಯಾಳ್ಯಾದಾಗಲ್ಲ, ನನ್ನ ರಜಾದಾಗ. ಮೊದಲನೇ ಲೆಕ್ಕ ನಂಬಿಗಿಗೆ ಯೋಗ್ಯ ಅಲ್ಲ ಅಂತ ಬರದ ಸಹಿ ಹಾಕಿ ಕೊಟ್ಟ ಬಂದೇನಿ. ಮುಂದಿನ ಪರೀಕ್ಷಾಕ್ಕ ನನ್ನ ಹೆಸರ ತಗದಾರ."

ಮುದಕವ್ವ ಒಳಗೆ ಹೋಗಿ ತಾಟು ತಂದಳು. ಬಿಸಿ ರೊಟ್ಟಿ ಹಾಕಿ, ಪಕ್ಕದಲ್ಲಿ ಬೆಣ್ಣೆಯ ಉಂಡೆಯಿಟ್ಟಳು. "ಉಣ್ಣು" ಎಂದಳು. ಒಂದು ತಿಂಗಳಿನ ಮೇಲೆ ಅವಳು ಮಗನೊಂದಿಗೆ ಆಡಿದ ಮೊದಲ ಮಾತು ಅದು. ಗುಡ್ಡವ್ವನನ್ನು ಹತ್ತಿರ ಕರೆದು ಹೇನು ನೋಡುತ್ತ, ಬೇಕೆಂದೇ ಗಟ್ಟಿಯಾಗಿ, "ನಮ್ಮ ಮನ್ಯಾಗ ನಮ್ಮ ಕುದರಿ ಎಲ್ಲೆ ಹೋಗಿತ್ತ?" ಎಂದು ಕತೆ ಶುರು ಮಾಡಿದಳು. ಮಹಾದೇವಪ್ಪ ತಲೆ ಎತ್ತದೆ ಉಂಡ.

ಮಾರ್ಚ್ ತಿಂಗಳಿಡೀ ಶನಿವಾರ ಮಧ್ಯಾಹ್ನ, ಐತವಾರ ಇಡೀ ದಿನ ಅವನು ಶಾಲೆ ಶಾಲೆ ತಿರುಗಿದ. ನೂರಾ ಒಂಬತ್ತು ಮಕ್ಕಳಲ್ಲಿ ಐವತ್ತಕ್ಕೂ ಹೆಚ್ಚು ಮಂದಿ ತಮ್ಮ ತರಗತಿಗೆ ತಿರುಗಿ ಬಂದರು. ತ್ರ್ಯಂಬಕ ಮಾಸ್ತರರೂ ಬೆಂಗೇರಿಗೆ ಬಂದು ಗುಡ್ಡವ್ವನನ್ನು ಎರಡನೇ ಇಯತ್ತೆಗೆ ಕಳಿಸಿದರು. ಎಲ್ಲರೂ ದಾಟಲಿಲ್ಲ. ಕೆಲವರಿಗೆ ಖರೇನೇ ಓದಲು ಬರುತ್ತಿರಲಿಲ್ಲ. ಆದರೆ ಈಗ ಯಾರಿಗೆ ಏನು ಬರುವುದಿಲ್ಲ ಎಂಬುದು ಹಾಳೆಯ ಮೇಲೆ ಬರೆದಿತ್ತು.

ಗಬ್ಬೂರಿನಲ್ಲಿ ಇಪ್ಪತ್ತೆರಡು ಮಕ್ಕಳು ಸಿಕ್ಕರು. ಇಪ್ಪತ್ತಮೂರನೆಯವಳನ್ನು ಹುಡುಕಿಕೊಂಡು ಅವನು ಹೊಲಕ್ಕೆ ಹೋದ. ಅಂದು ತಾಯಿಯನ್ನು ನೋಡಲು ಯಂಕವ್ವನೂ ಜೊತೆಗೆ ಬಂದಿದ್ದಳು. ಹತ್ತಿ ಬಿಡಿಸುತ್ತಿದ್ದ ಹೆಂಗಸರೆಲ್ಲ ಮಾಸ್ತರನನ್ನು ಕಂಡು ಸೆರಗು ಸರಿಮಾಡಿಕೊಂಡರು.

ಉಡಚವ್ವ ಯಂಕವ್ವನ ಮುಂದೆ ಹೇಳಿದ ಶಬ್ದಗಳೆಲ್ಲ ಸರಿಯೇ ಎಂದು ಅವನು ತಿಳಿಸಿದ್ದನ್ನು ಹುಲಗಪ್ಪ ಕೇಳಿಸಿಕೊಂಡು ಅಂದ. "ಆವಾಗ ಬರೂದಿಲ್ಲ ಅಂದವ್ರೂ ನೀವ. ಈಗ ಬರತೈತಿ ಅನ್ನವ್ರೂ ನೀವ. ಯಾವ್ದ ಖರೇ ಅಂತ ತಿಳಕೊಳ್ಳಲ್ರೀ ಮಾಸ್ತರ?"

"ಈಗ ಹೇಳೂದು ಖರೇ. ಆವಾಗ ನನ್ನದ ತಪ್ಪಾತು."

ಮಾಸ್ತರನೊಬ್ಬ ಹಾಗೆ ಹೇಳಿದ್ದನ್ನು ಅಲ್ಲಿ ಯಾರೂ ಕೇಳಿರಲಿಲ್ಲ. ಹುಲಗಪ್ಪ ಮಗಳ ಕಡೆ ನೋಡಿದ. ಅವಳು ತಲೆ ತಗ್ಗಿಸಿ ಗಿಡದಿಂದ ಹತ್ತಿ ಬಿಡಿಸುತ್ತಲೇ ಇದ್ದಳು.

"ಈ ವರ್ಷ ಮುಗೀತ್ರಿ. ಪರೀಕ್ಷಾ ಬಂತು, ಸಾಲಿ ಸೂಟಿ ಬಂತು. ಹತ್ತಿ ಮುಗೀಲಿ. ಜೂನಕ ನೋಡೋಣು."

"ನೋಡೋಣು ಅನಬ್ಯಾಡ ಅಣ್ಣಾ" ಎಂದಳು ಯಂಕವ್ವ. "ಕಳಸತೇನಿ ಅನ್ನು."

ಅವನು ಬೆನ್ನು ಬಾಗಿಸಿ ಮತ್ತೆ ಹತ್ತಿ ಬಿಡಿಸತೊಡಗಿದ.

ಬೇಸಿಗೆಯಲ್ಲಿ ಮಹಾದೇವಪ್ಪ ಗಬ್ಬೂರಿಗೆ ಬದಲಿ ಕೇಳಿ ಅರ್ಜಿ ಬರೆದ. ಅಲ್ಲಿಗೆ ಹೋಗಲು ಮನಸ್ಸಿದ್ದವರು ಬೇರೆ ಯಾರೂ ಇರಲಿಲ್ಲವಾಗಿ ತಡವಿಲ್ಲದೆ ಹುಕುಂ ಬಂತು. ದಿನಾ ಅಷ್ಟು ದೂರ ಹೋಗಿ ಬರುವುದು ಹೇಗೆಂದು ಮುದಕವ್ವ ಗೊಣಗಿದಳು. ಯಂಕವ್ವ ಒಂದು ತಾಸು ಮೊದಲೇ ಎದ್ದು ಬುತ್ತಿ ಕಟ್ಟತೊಡಗಿದಳು.

ಜೂನಿನಲ್ಲಿ ಶಾಲೆ ತೆರೆದು ಮೊದಲ ದಿನ ಉಡಚವ್ವ ಬರಲಿಲ್ಲ. ಎರಡನೆಯ ದಿನವೂ ಬರಲಿಲ್ಲ. ಯಂಕವ್ವ ಕೇಳುವುದು, ಅವನು ತಲೆಯಾಡಿಸುವುದು. ಏಳನೆಯ ದಿನ ಅವನು ಸಂಜೆ ಬಂದು, ಬುತ್ತಿಯ ಡಬ್ಬಿ ಕೆಳಗಿಟ್ಟು, ಅವಳು ಕೇಳುವ ಮೊದಲೇ ಅಂದ. "ಬಂದಿದ್ಳು."

"ಖರೇನ? ಎಷ್ಟನೇತ್ಯಾಗ ಕುಂತಾಳ?"

"ಎರಡನೇತ್ತಾ ಮತ್ತ. ತಮ್ಮನ್ನ ಕಂಕುಳಾಗ ಹೊತಗೊಂಡ ಬಂದಿದ್ಳು. ಅದನ್ನ ಬಿಟ್ಟ ಬಾ ಅಂದ್ರ ನೋಡಿಕೊಳ್ಳಾಕ ಮನ್ಯಾಗ ಯಾರಿಲ್ಲ."

"ಓದಿಸಿದ್ರೇನು?"

ಮಹಾದೇವಪ್ಪ ಕಂಬಕ್ಕೆ ಆತು ಕುಳಿತ. "ಪುಸ್ತಕಾ ಕೊಟ್ಟೆ. ನನ್ನ ಮುಖಾ ನೋಡಿದ್ಳು, ಬಾಯಿ ಮುಚ್ಚಿಕೊಂಡ್ಳು. ಹೊಡಿಯೂದಿಲ್ಲ ಅಂದೆ. ತಪ್ಪಾದ್ರೂ ನಡೀತೈತಿ ಅಂದೆ. ತುಟಿ ಬಿಚ್ಚಲಿಲ್ಲ."

"ಮತ್ತೇನ ಮಾಡಿದ್ರಿ?"

"ನಾ ಎದ್ದ ಹೊರಗ ಹೋಗಿ ಕಿಟಕಿ ಬಾಜೂಕ ಆಕಿಗೆ ಕಾಣದಂಗ ನಿಂತೆ. ಆಮ್ಯಾಲ ಓದಿದ್ಳು. ತಮ್ಮನ ಮುಂದ, ಪೂರಾ ಪಾಠಾ."

ಯಂಕವ್ವ ಡಬ್ಬಿ ತೆರೆದು ನೋಡಿದಳು. ರೊಟ್ಟಿಯೊಂದೂ ಮುರಿದಿರಲಿಲ್ಲ. ಅವುಗಳನ್ನು ತೆಗೆದು ಹಂಚಿನ ಮೇಲೆ ಬಿಸಿಗಿಟ್ಟಳು.

"ಹಿಂಗ ಎಷ್ಟ ದಿನಾ ಹೊರಗ ನಿಂದ್ರತೀರಿ?"

"ಆಕಿ ಒಳಗ ಕರಿಯೂತನಕ."